ಲಾಡಿಯ ಕೆಳಗಿನ ಗಾಯ

ಬನಹಟ್ಟಿಯ ಮಠವೊಂದರ ದಾಸೋಹದಲ್ಲಿ ಹಾಲವ್ವ ರೊಟ್ಟಿ ಬಡಿಯುತ್ತಲೇ ಮುಪ್ಪಿಗೆ ಬಂದವಳು. ದಿನವಿಡೀ ಬಾಗಿ ಕೂಡುವ ಕೆಲಸ. ಸೀರೆ ಸಡಿಲಾಗದಿರಲೆಂದು ಒಳಗೆ ಉಡುವ ಪರಕಾರದ ಲಾಡಿಯನ್ನು ಸೊಂಟಕ್ಕೆ ಬಿಗಿದು ಕಟ್ಟುವಳು. ಲಾಡಿ ಒತ್ತಿದಲ್ಲೆಲ್ಲ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು.

ನೂರಾರು ಭಕ್ತರಿಗೆ ಉಣಬಡಿಸಿ ತನ್ನ ಖೋಲಿಗೆ ಮರಳಿದರೆ ಮಾತನಾಡಿಸುವವರಿರಲಿಲ್ಲ. ಪಕ್ಕದ ಒಲೆಯ ತಾರವ್ವನೊಡನೆಯೂ ಹಿಟ್ಟು, ನೀರಿನ ಮಾತಷ್ಟೇ. ಗಂಡ ಲಿಂಗೈಕ್ಯನಾದ ಮೇಲೆ ಅವಳ ಬೆನ್ನನ್ನು ಕಂಡ ಕಣ್ಣಿಲ್ಲ.

ಶ್ರಾವಣದಲ್ಲಿ ಬೆನ್ನಿನತ್ತ, ಲಾಡಿಯ ಕೆಳಗೆ, ಬೆರಳಿಗೊಂದು ಗಾಯ ತಾಕಿತು. ಅರಿಷಿಣ ಹಚ್ಚಿದಳು, ಭಸ್ಮ ಹಚ್ಚಿದಳು. ಸಂಕ್ರಾಂತಿ ಬಂದರೂ ಮಾಯಲಿಲ್ಲ. ನೋವಿಲ್ಲವೆಂದು ಅದರ ಮೇಲೆಯೇ ಲಾಡಿ ಬಿಗಿದಳು. ಪೂಜೆಯ ಬಿಲ್ವಪತ್ರೆಗೆ ಹುಳು ಹತ್ತಿದೆಯೇ ಎಂದು ಎಲೆ ಎಲೆಯನ್ನೂ ಹೊರಳಿಸಿ ನೋಡುವ ಆ ತಾಯಿ, ಶಿವನೇ ಕೊಟ್ಟ ದೇಹವನ್ನು ನೋಡದೆ ಬಿಡುವುದನ್ನು ಭಕ್ತಿಯೆಂದೇ ತಿಳಿದಿದ್ದಳು.

ಮಠದ ಅಂಗಳದಲ್ಲಿ ಆರೋಗ್ಯ ತಪಾಸಣೆ ನಡೆದ ದಿನ ಡಾಕ್ಟರ್ ಶ್ರೀದೇವಿ ಅವಳ ಸೀರೆಯ ಮೇಲಿನ ರಕ್ತದ ಕಲೆ ಕಂಡರು. ಉಗ್ರಾಣದೊಳಗೆ ಕರೆದೊಯ್ದು ನೋಡಿದರು.

“ಯವ್ವಾ, ಈ ಗಾಯ ಎಂದಿಂದು?”

“ಗಾಯ ಅಲ್ರಿ ಡಾಕ್ಟರ್ ಬಾಯಾರ, ಲಾಡಿ ಕಡದೈತಿ. ಎಲ್ಲಾ ಹೆಂಗಸರಿಗೂ ಇರತೈತಿ.”

“ಲಾಡಿ ಕಲೆ ಎಲ್ಲಾರಿಗೂ ಇರತೈತಿ. ಮಾಯದ ಗಾಯ ಇರಬಾರ್ದು.”

“ಶಿವಾ ನೋಡ್ತಾನ್ರಿ.”

“ಅಂವಾ ನೋಡೇ ನನ್ನ ಕಳಿಸ್ಯಾನ ಅಂತ ತಿಳ್ಕೋ. ನಾಳಿ ಜಮಖಂಡಿಗಿ ನನ್ನ ದವಾಖಾನಿಗಿ ಬಾ.”

ಒಬ್ಬಳೇ ಬಸ್ಸು ಹತ್ತಿ ಹೋದಳು. ಗಾಯದ ಚೂರನ್ನು ಪರೀಕ್ಷೆಗೆ ತೆಗೆಯುವಾಗ ಡಾಕ್ಟರರ ಅಂಗೈ ಬೆನ್ನ ಮೇಲೆ ನಿಂತಿತು. ಹಾಲವ್ವನ ಕಣ್ಣು ತುಂಬಿತು, ಸೂಜಿಯ ನೋವಿಗಲ್ಲ.

ವರದಿಯಲ್ಲಿ ಚರ್ಮದ ಕ್ಯಾನ್ಸರ್ ಎಂದು ಬಂತು. ಪುಣ್ಯಕ್ಕೆ ಆಳಕ್ಕೆ ಇಳಿದಿರಲಿಲ್ಲ; ಗಾಯವನ್ನು ಪೂರ್ತಿ ಕತ್ತರಿಸಿ ತೆಗೆದರು.

“ಲಾಡಿ ಅಗಲ ಇರ್ಲಿ, ಸಡಿಲ ಇರ್ಲಿ. ತಿಂಗಳಿಗೊಮ್ಮೆ ಬೆನ್ನೆಲ್ಲಾ ಯಾರ ಕಡಿಂದರ ನೋಡಿಸ್ಕೋ. ಮೂರು ತಿಂಗಳಿಗೆ ನನ್ನ ಕಡೆ ಬಾ. ಮನ್ಯಾಗ ಯಾರದಾರ?”

ಹಾಲವ್ವ ಸೆರಗು ಸರಿಪಡಿಸಿಕೊಂಡು ಎದ್ದಳು.

ತಿಂಗಳು ತುಂಬಿತು. ಕನ್ನಡಿ ಹಿಡಿದು ಹೊರಳಾಡಿದರೂ ಬೆನ್ನು ಕಾಣಲಿಲ್ಲ. ಕ್ಯಾನ್ಸರ್ ಎಂಬ ಹೆಸರು ಕೇಳಿ, ತನ್ನ ಕೈಯ ರೊಟ್ಟಿಯನ್ನೇ ಜನ ಬೇಡವೆಂದರೆ? ಆ ಅಂಜಿಕೆಯಿಂದ ತಾರವ್ವನ ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಆದರೆ ಕಾಣದ ಜಾಗದಲ್ಲಿ ಅದು ಮತ್ತೆ ಮೊಳೆತಿದ್ದರೆ? ಶಿವನಾಮ ಸ್ಮರಿಸಿ ಮತ್ತೆ ಹೋದಳು.

“ತಾರವ್ವಾ, ಒಂದ ಕೆಲಸ ಐತಿ.”

“ಹಿಟ್ಟ ಬೇಕೇನ?”

“ಹಿಟ್ಟಲ್ಲ. ಕ್ಯಾನ್ಸರ್ ಗಾಯ ತಗದಾರ. ನನ್ನ ಬೆನ್ನ ನೋಡಬೇಕಾಗೇತಿ. ನನಗ ಯಾರಿಲ್ಲ.”

ತಾರವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಬಾಗಿಲು ಮುಂದೆ ಮಾಡಿ, ಕಿಟಕಿಯ ಪರದೆ ಸರಿಸಿದಳು.

“ಬೆಳಕಿಗಿ ಹೊರಳಿ ನಿಂದರ, ಅಕ್ಕಾ.”