ಪೆಟ್ಟಿಗೆಯ ಮೇಲೆ ೩೨೦೦

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಭಟ್ಕಳದ ಒಂದು ಕಂಪ್ಯೂಟರ್ ಅಂಗಡಿ ನೋಡಿದಷ್ಟು ನಮ್ಮ ಮನೆಯವರೂ ನೋಡಿಲ್ಲ.

ಆಗ ನಾನು ಹೊನ್ನಾವರದ ನಮ್ಮ ಮನೆಯ ಜಗಲಿಯ ಮೂಲೆಯಲ್ಲಿ ಹಳೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಕುಮಟೆಯ ಒಂದು ಮದುವೆಯ ಧಾರೆಯ ಭಾಗ ಎಡಿಟ್ ಮಾಡಿ ಮುಗಿಸುವಷ್ಟರಲ್ಲಿ ಕಂಪ್ಯೂಟರ್ ಹತ್ತು ಸಲ ನಿಂತಿತು. ಭಟ್ಕಳಕ್ಕೆ ಹೋಗಿ ಆ ಅಂಗಡಿಯ ಸಾಹೇಬರ ಹತ್ತಿರ, ಕಂಪ್ಯೂಟರಿನ ಓಟ ಹೆಚ್ಚಿಸಲೆಂದು, ಇದ್ದುದರಲ್ಲೇ ವೇಗದ ರ‍್ಯಾಮ್ ಕೇಳಿದೆ. "ನಿಮ್ಮ ಬೋರ್ಡ್ ಯಾವುದು?" ಎಂದರು. "ಅದೆಲ್ಲ ನಂಗೊತ್ತು" ಎಂದು ಅವರ ಬಾಯಿ ಮುಚ್ಚಿಸಿದೆ. ಪೆಟ್ಟಿಗೆಯ ಮೇಲೆ ವೇಗ ೩೨೦೦ ಎಂದಿತ್ತು. ಮನೆಗೆ ತಂದು ಹಾಕಿದರೆ ಪರದೆಯ ಮೇಲೆ ಬಂದದ್ದು ೨೧೩೩.

ಮಾರನೇ ದಿನವೇ ಕಂಪ್ಯೂಟರ್ ಹೊತ್ತು ಬಸ್ಸು ಹತ್ತಿದೆ. ಬೋಟು ನಡೆಸುವ ತಾಂಡೇಲನಾಗಿದ್ದ ಅಪ್ಪ, ಇವಳೊಬ್ಬಳನ್ನೇ ಬಿಟ್ಟರೆ ಕಷ್ಟವೆಂದು ಜೊತೆಗೆ ಬಂದ. ಗಿರಾಕಿಗಳ ಎದುರೇ, "ಡೂಪ್ಲಿಕೇಟ್ ಮಾಲು ಕೊಟ್ಟು ಮೋಸ ಮಾಡಿದ್ದೀರಿ" ಎಂದು ಕೂಗಿದೆ. ಸಾಹೇಬರು ತಿರುಗಿ ಕೂಗಲಿಲ್ಲ. ಕಂಪ್ಯೂಟರ್ ಬಿಚ್ಚಿ ತೋರಿಸಿದರು.

"ಮಾಲು ಅಸಲೀನೇ, ಬೇಟಿ. ನಿಮ್ಮ ಪ್ರೊಸೆಸರು, ಮದರ್‌ಬೋರ್ಡು ೨೧೩೩ರ ಮೇಲೆ ಹೋಗುದಿಲ್ಲ. ರ‍್ಯಾಮು ಅವುಗಳ ವೇಗಕ್ಕೇ ಇಳೀತದೆ. ಮುಂದೆ ಅವೆರಡನ್ನೂ ಬದಲಾಯಿಸಿದ್ರೆ ಇದೇ ೩೨೦೦ರಲ್ಲಿ ಓಡ್ತದೆ."

ಅಪ್ಪನಿಗೆ ನನಗಿಂತ ಮೊದಲು ಅರ್ಥವಾಯಿತು. "ನಮ್ಮ ಬೋಟೂ ಹಂಗೇ ಅಲ್ದನೆ? ಇಂಜಿನ್ ಎಷ್ಟ್ ಜೋರಿದ್ರೂ ಕಡಲಿಂದ ಅಳಿವೆ ಒಳಗೆ ಬರೂಕೆ ಸಣ್ಣಕೇ ಬರ್ಬೇಕು. ತಪ್ಪಾತು ಅಂತ ಒಂದ್ ಮಾತು ಹೇಳು."

ನಾನು ಹೇಳಲಿಲ್ಲ. ತಪ್ಪೆಂದು ಗೊತ್ತಿತ್ತು. ಬಸ್‌ಸ್ಟ್ಯಾಂಡಿಗೆ ಬಿರಬಿರನೆ ನಡೆದೆ. ಅಪ್ಪ ಬೈಯಲಿಲ್ಲ. ಬಸ್ಸು ಹೊರಟ ಮೇಲೆ ಬಿಸಿ ಶೇಂಗಾದ ಪೊಟ್ಟಣ ಕೈಗಿಟ್ಟ. ಆ ದಿನದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಪೊಟ್ಟಣವೇ.

ಅಪ್ಪ ತೀರಿಕೊಂಡು ಎರಡು ವರ್ಷ. ಮೊನ್ನೆ ಹೊಸ ಬೋರ್ಡ್, ಹೊಸ ಪ್ರೊಸೆಸರ್ ತಂದು, ಅದೇ ಹಳೇ ರ‍್ಯಾಮ್ ಸಿಕ್ಕಿಸಿದೆ. ೩೨೦೦ ಎಂದು ತೋರಿಸಿತು. ನೋಡುತ್ತ ಕೂತವಳಿಗೆ ಅಪ್ಪ ಅಂದು ಹೇಳೆಂದ ಮಾತು ನೆನಪಾಗಿ ಅಳು ಒತ್ತರಿಸಿ ಬಂತು. ತಡವಾದರೂ ಆ ಒಂದು ಮಾತು ಹೇಳಲೇಬೇಕೆಂದು ಭಟ್ಕಳಕ್ಕೆ ಹೋದೆ.

ಸಾಹೇಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಅವತ್ತು ತಪ್ಪು ನನ್ನದೇ" ಎಂದೆ. ಅವರು ನಕ್ಕರು.

"ಅದು ಆ ವಾರವೇ ಮುಗೀತಲ್ಲ, ಬೇಟಿ. ನಿಮ್ಮ ಅಪ್ಪ ದೊಡ್ಡದೊಂದು ಇಸ್ವಾಣ ಮೀನು ಹಿಡ್ಕೊಂಡು ಬಂದಿದ್ರು. 'ಮಗಳೇ ಕಳಿಸಿದ್ದು, ತಪ್ಪಾತು ಅಂತ ಹೇಳಿ ಬಾ ಅಂದಾಳೆ' ಅಂದ್ರು."

ನಾನು ಕಳಿಸಿರಲಿಲ್ಲ. ಅಪ್ಪನ ಮಾತನ್ನು ಸುಳ್ಳು ಮಾಡಲು ಮನಸ್ಸಾಗದೆ, "ಹೌದು, ಮೀನು ಚೆನ್ನಾಗಿತ್ತಾ?" ಎಂದು ಕೇಳಿದೆ.