ಸುಭದ್ರೆಯ ಕಣ್ಣು, ವೈದ್ಯರ ಸಹಿ

೧೯೪೬ರಲ್ಲಿ ನಾನು ರಾಯಚೂರಿನ ಒಂದು ಸರ್ಕಾರಿ ದವಾಖಾನೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ಕೀವು, ಹುಳ ಬಿದ್ದ ಗಾಯ, ನಾರುಹುಣ್ಣಿನ ಕಾಲುಗಳು ನಿತ್ಯದ ನೋಟ. ಅವುಗಳಿಂದ ನನಗೆಂದೂ ಹೇಸಿಗೆಯಾಗಿರಲಿಲ್ಲ. ಹೇಸಿಗೆ ಏನೆಂದು ತಿಳಿದದ್ದು, ಇಸ್ತ್ರಿ ಮಾಡಿದ ಕೋಟು ತೊಟ್ಟ ದೇವದುರ್ಗದ ವಕೀಲರೊಬ್ಬರು ತಮ್ಮನ ಹೆಂಡತಿಯನ್ನು ಕರೆತಂದ ದಿನ.

ಅವಳ ಹೆಸರು ಸುಭದ್ರಾ, ಮಾನ್ವಿಯ ಅರ್ಚಕರೊಬ್ಬರ ಮಗಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪಕ್ಕಕ್ಕೆ ನೋಡಬೇಕಾದಾಗಲೆಲ್ಲ ತಲೆಯನ್ನು ಎಸೆದಂತೆ ತಿರುಗಿಸುತ್ತಿದ್ದಳು. ವಕೀಲರು ಇದು ಹುಚ್ಚು ಎಂದರು. ಹಾಗೆಂದು ನಾವು ಬರೆದುಕೊಟ್ಟರೆ ತಮ್ಮನಿಗೆ ಬೇರೆ ಲಗ್ನ ಮಾಡಬಹುದು, ಊರಿನಲ್ಲಿ ಯಾರೂ ಆಡಿಕೊಳ್ಳುವುದಿಲ್ಲ ಎಂಬುದು ಅವರ ಯೋಚನೆ.

ಅವಳ ಹಣೆಯ ಮೇಲೆ ಅಡ್ಡಲಾಗಿ ಚರ್ಮ ಸುಲಿದಿತ್ತು. ಕಾರಣ ಕೇಳಿದೆ. ಬಂದವರ ಮುಂದೆ ಮನೆತನದ ಮರ್ಯಾದೆ ಹೋಗಬಾರದೆಂದು ಅವಳ ತಲೆಯನ್ನು ಹಗ್ಗದಿಂದ ಕಂಬಕ್ಕೆ ಬಿಗಿದು ಕೂರಿಸುತ್ತಿದ್ದರಂತೆ. ಊಟವೂ ಹಾಗೆಯೇ. ಎಲೆಯ ಬದಿಗಿದ್ದ ಅನ್ನ ಕಾಣದೆ ಅವಳು ತಡಕಾಡಿದರೆ ಮನೆಮಂದಿ ನಗುತ್ತಿದ್ದರಂತೆ. ವಕೀಲರು ಇದನ್ನು ಉಪಚಾರವೆಂಬಂತೆ ವರ್ಣಿಸಿದರು. ಅವರ ಮಾತು ಮುಗಿಯುವ ಮೊದಲೇ ನಾನು ಅವಳ ಹಣೆಯ ಗಾಯ ತೊಳೆಯತೊಡಗಿದೆ.

ತಲೆ ಅಲ್ಲಾಡಿಸದೆ ಎಡಕ್ಕೆ, ಬಲಕ್ಕೆ ನೋಡಲು ಅವಳಿಗೆ ಹೇಳಿದೆ. ಕಣ್ಣು ಕದಲಲಿಲ್ಲ. ಮೇಲೆ, ಕೆಳಗೆ ಮಾತ್ರ ಸರಾಗವಾಗಿ ಆಡಿತು. ತಲೆ ತಿರುಗಿಸಲು ಬಿಟ್ಟಾಗ ಅದನ್ನು ಗುರಿಗಿಂತ ಆಚೆಗೆ ಒಯ್ದು, ನೋಟ ನೆಟ್ಟ ಮೇಲೆ ಮೆಲ್ಲಗೆ ಹಿಂದಕ್ಕೆ ತರುತ್ತಿದ್ದಳು.

ನಾವು ಪಕ್ಕಕ್ಕೆ ನೋಡುವಾಗ ಮೆದುಳು ಸಾಮಾನ್ಯವಾಗಿ ಮೊದಲು ಕಣ್ಣನ್ನು ಓಡಿಸುತ್ತದೆ, ತಲೆ ಹಿಂದಿನಿಂದ ಬರುತ್ತದೆ. ತಲೆ ತಿರುಗಿದಷ್ಟೂ ಕಣ್ಣು ಎದುರು ದಿಕ್ಕಿಗೆ ಸರಿಯುವಂತೆ ಒಳಗಿವಿಯ ಸಮತೋಲನದ ಅಂಗ ನೋಡಿಕೊಳ್ಳುತ್ತದೆ. ನಡೆಯುವಾಗ ನೋಟ ಕುಲುಕದಿರುವುದು ಇದರಿಂದಲೇ. ಸುಭದ್ರೆಯಲ್ಲಿ ಈ ಏರ್ಪಾಡು ಚೆನ್ನಾಗಿತ್ತು. ಕಣ್ಣಿಗೆ ಹೋಗಬೇಕಾದ ಮೊದಲ ಆಜ್ಞೆ ಮಾತ್ರ ಹುಟ್ಟಿನಿಂದಲೇ ಹೋಗುತ್ತಿರಲಿಲ್ಲ. ತಲೆ ತಿರುಗಿದಾಗ ಕಣ್ಣು ಎದುರು ಮೂಲೆಗೆ ಸರಿದು ನಿಲ್ಲುತ್ತಿತ್ತು. ಹಾಗಾಗಿ ತಲೆಯನ್ನು ಗುರಿಯ ಆಚೆಗೆ ಒಯ್ದು, ಅದರ ಜೊತೆಗೆ ಕಣ್ಣನ್ನು ಎಳೆದೊಯ್ಯುವುದನ್ನು ಅವಳು ಕೂಸಾಗಿದ್ದಾಗಲೇ ರೂಢಿಸಿಕೊಂಡಿದ್ದಳು. ಈ ತೊಂದರೆಯ ಹೆಸರೂ ಆಗ ನನಗೆ ಗೊತ್ತಿರಲಿಲ್ಲ. ಹುಚ್ಚಲ್ಲ ಎಂಬುದಂತೂ ಸ್ಪಷ್ಟವಿತ್ತು.

ಎಲ್ಲವನ್ನೂ ವಿವರಿಸಿದೆ. ವಕೀಲರು ಆಕಳಿಸಿ, “ನೀವು ಹೇಳೂದು ಖರೆ ಇರಬಹುದ್ರೀ. ನಮಗ ಬೇಕಾಗಿದ್ದು ನಿಮ್ಮ ಸಹಿ ಅಷ್ಟ,” ಎಂದರು.

ಸುಭದ್ರಾ ನನ್ನತ್ತ ತಿರುಗಿದಳು. “ನಾ ಹುಚ್ಚಿ ಅಲ್ಲಂತ ಬರದು ಕೊಡ್ರಿ, ಡಾಕ್ಟರ್ ಸಾಹೇಬ್ರ. ಆ ಮನಿಗೆ ನಾ ಹೋಗಂಗಿಲ್ಲ. ಅಪ್ಪಗ ಹೇಳಿ ಕಳಸ್ರಿ.”

ನಾನು ಹಾಗೆಯೇ ಬರೆದುಕೊಟ್ಟೆ, ಮಾನ್ವಿಗೂ ಸುದ್ದಿ ಕಳಿಸಿದೆ. ವಕೀಲರು ನೇರ ನನ್ನ ಮೇಲಧಿಕಾರಿಯ ಕೋಣೆಗೆ ಹೋದರು. ಇಬ್ಬರೂ ಒಟ್ಟಿಗೆ ಓದಿದವರು. ಚಹಾ ಮುಗಿಯುವುದರೊಳಗೆ ಅವಳು ಹುಚ್ಚಿ ಎಂಬ ಪ್ರಮಾಣಪತ್ರ ತಯಾರಾಯಿತು. ಹೊರಗೆ ವರಾಂಡದಲ್ಲಿ ಕೂತಿದ್ದವಳನ್ನು ಆ ಹಿರಿಯ ವೈದ್ಯರು ಕರೆಸಿ ನೋಡಲೂ ಇಲ್ಲ. ನಾನು ಜಗಳಕ್ಕೆ ನಿಂತಾಗ, “ಯಾರದೋ ಮನಿ ಹೆಣ್ಮಗಳ ಸಲುವಾಗಿ ನೀ ಯಾಕ ತಲಿ ಕೆಡಿಸ್ಕೋತೀ?” ಎಂದು ನಕ್ಕರು. ಬಿಸ್ಕೀಟಿನ ಪುಡಿ ಅವರ ಮೀಸೆಗೆ ಅಂಟಿತ್ತು. ಇಂದಿಗೂ ನೆನೆದರೆ ಹೇಸಿಗೆಯಾಗುತ್ತದೆ.

ಕಾಗದ ಕೈಸೇರಿದ ಮೇಲೆ ವಕೀಲರು ಅವಳನ್ನು ದವಾಖಾನೆಯಲ್ಲೇ ಬಿಟ್ಟು ಹೋದರು. ಮರುದಿನ ತಂದೆ ಬಂದು ಅವಳನ್ನು ಮಾನ್ವಿಗೆ ಕರೆದೊಯ್ದರು. ದೇವದುರ್ಗದ ಮನೆಯಲ್ಲಿ ಹೊಸ ಲಗ್ನವೂ ಆಯಿತು. ಮುಂದೆ ಕಾಲರಾ ಚುಚ್ಚುಮದ್ದು ಹಾಕಲು ಮಾನ್ವಿಗೆ ಹೋದಾಗ, ಸುಭದ್ರಾ ಗುಡಿಯ ಕಟ್ಟೆಯ ಮೇಲೆ ಹೆಂಗಸರಿಗೆ ಪುರಾಣ ಓದಿ ಹೇಳುತ್ತಿದ್ದಳು. ಸಾಲುಸಾಲಿಗೂ ತಲೆ ತಿರುಗುತ್ತಿತ್ತು. ಕೇಳುವವರು ಕಥೆಯಲ್ಲಿ ಮುಳುಗಿದ್ದರು.

ಆ ಮೇಲಧಿಕಾರಿ ಬಡ್ತಿ ಪಡೆದು ಗೌರವದಿಂದಲೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಲು ನನ್ನ ಹೆಸರು ಕರೆದಾಗ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ರೋಗಿಯ ಮುಖ ನೋಡದೆ ರೋಗ ಬರೆಯುವವನನ್ನು ವೈದ್ಯನೆಂದು ಒಪ್ಪಬಾರದೆಂಬುದನ್ನು ಈ ವೃತ್ತಿ ಅಷ್ಟರಲ್ಲಿ ನನಗೆ ಕಲಿಸಿತ್ತು.