ಬಾಗಿಲು ತೆಗೆಯದ ಗುಬ್ಬಿ

ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಎಂದು ಬಡಿತದಲ್ಲೇ ಗೊತ್ತಾಯಿತು. ಗೇಟಿಗೆ ತನಗೂ ಒಂದು ಕೀ ಬೇಕೆಂದು ವಾರದಿಂದ ಕೇಳುತ್ತಿದ್ದಾಳೆ, ನಾನು ನಾಳೆ ಎನ್ನುತ್ತಿದ್ದೇನೆ. “ಇರಮ್ಮಾ, ಹಾಲು ಒಲೆ ಮೇಲಿದೆ” ಎಂದು ಕೂತಲ್ಲಿಂದಲೇ ಕೂಗಿದೆ. ಹಾಲಿರಲಿ, ಒಲೆಯನ್ನೇ ಹಚ್ಚಿರಲಿಲ್ಲ. ಕೂಗಿದ ಮೇಲೆ ನನಗೇ ನಗು ಬಂತು. ಈ ಸುಳ್ಳು ನನ್ನದಲ್ಲ, ಚಿಕ್ಕತಾಯಮ್ಮನವರದು. ಅವರ ಕಥೆ ಹೇಳಿಬಿಡುತ್ತೇನೆ; ಹುಡುಗಿ ಸ್ವಲ್ಪ ಕಾಯಲಿ.

ಎಪ್ಪತ್ತರ ದಶಕದ ಕೊನೆ. ಗದಗಿನಿಂದ ಮದುವೆಯಾಗಿ ಬಂದ ನನಗೆ ಯಶವಂತಪುರದಲ್ಲಿ ಸಿಕ್ಕಿದ್ದು ಚಿಕ್ಕತಾಯಮ್ಮನವರ ಮನೆಯ ಹಿಂಬದಿಯ ಎರಡು ಕೋಣೆ. ಹೊಲ ಹೋಗಿ ಸುತ್ತ ಫ್ಯಾಕ್ಟರಿ ಎದ್ದಿದ್ದರೂ ಗೌರಿ ಎಂಬ ಒಂದು ಹಸುವನ್ನು ಉಳಿಸಿಕೊಂಡಿದ್ದ ಓನರಮ್ಮ ಅವರು. ದೀಪ ಹಚ್ಚುವ ಹೊತ್ತಿಗೆ ಗೇಟಿಗೆ ಬೀಗ. ಆಮೇಲೆ ಬಂದವರು ತಟ್ಟುತ್ತ ನಿಲ್ಲಬೇಕು. “ಇರವ್ವಾ, ಆಲು ಉಕ್ತೈತೆ.” ತುಸು ಹೊತ್ತಾದ ಮೇಲೆ, “ಇರವ್ವಾ, ಬೂಸಾ ಕಲಸ್ತಾ ಇವ್ನಿ.” ಕೊನೆಗೆ, “ಬೀಗದ ಕೈ ಎಲ್ಲೋ ಮಡಗ್ಬುಟ್ಟಿವ್ನಿ.” ಅದು ಅವರ ಸೊಂಟದಲ್ಲೇ ಇರುತ್ತಿತ್ತು.

ನನಗೆ ತಡವಾಗುತ್ತಿದ್ದುದು ದೇಸಾಯರು ಸಂಜೆ ನಡೆಸುತ್ತಿದ್ದ ನಾಟಕದ ತಾಲೀಮಿನಿಂದ. ಧಾರವಾಡದವರು, ನನ್ನ ಗಂಡನ ಫ್ಯಾಕ್ಟರಿಯಲ್ಲಿ ಗುಮಾಸ್ತರು, ತಲೆಯೊಳಗೆ ಮಾತ್ರ ವಿದೇಶದ ರಂಗಭೂಮಿ. ಕಾಗೆ-ಗುಬ್ಬಿಯ ಅಜ್ಜಿಕಥೆಯನ್ನು ಒಪೆರಾ ಮಾಡಲು ಹೊರಟಿದ್ದರು. ಕಥೆ ನಿಮಗೆ ಗೊತ್ತೇ ಇದೆ: ಮಳೆಗೆ ಕಾಗೆಯ ಸಗಣಿ ಮನೆ ಕರಗುತ್ತದೆ, ಅದು ಗುಬ್ಬಿಯ ಕಲ್ಲುಮನೆಯ ಬಾಗಿಲು ತಟ್ಟುತ್ತದೆ, ಗುಬ್ಬಿ ಒಂದೊಂದೇ ನೆಪ ಹೇಳುತ್ತದೆ.

“ಒಪೆರಾದಾಗ ಮಾತೇ ಇರಂಗಿಲ್ರೀ. ಉಪ್ಪು ಬೇಕಂದ್ರೂ ಹಾಡಿ ಕೇಳಬೇಕು” ಎಂದರು ದೇಸಾಯರು. ಹಾರ್ಮೋನಿಯಂ ಹಳೆಯ ಕಾಲದ್ದಂತೆ; ಬದಲಿಗೆ ತಗಡು, ಸೈಕಲ್ ಬೆಲ್ಲು, ಒಂದು ಕುಕ್ಕರು. ಹಿಮ್ಮೇಳದವರು ಸಭಿಕರಿಗೆ ಬೆನ್ನು ಮಾಡಿ ನಿಲ್ಲಬೇಕು. ನಾನು ಕಾಗೆ, ಕಂಠಕ್ಕೆ ತಕ್ಕ ಪಾತ್ರ. ಗುಬ್ಬಿ ಮಾತ್ರ ಉದ್ದಕ್ಕೂ ಒಂದೇ ಸ್ವರದಲ್ಲಿ ಹಾಡಿ ಕೊನೆಯ ಅಕ್ಷರವನ್ನು ಮೇಲಕ್ಕೆಳೆಯಬೇಕು. “ಹಳೇ ನೆಪ ಬ್ಯಾಡ. ಇವತ್ತಿನ ಗುಬ್ಬಿ ಏನಂತದ, ಹೇಳ್ರಿ” ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಹಾಲು, ಬೂಸಾ, ಬೀಗದ ಕೈ ಮೂರನ್ನೂ ಒಪ್ಪಿಸಿದೆ. ಅವರು ಕುಣಿದಾಡಿಬಿಟ್ಟರು.

ಎಡವಟ್ಟಾದದ್ದು ಸಗಣಿಯಿಂದ. ಕಾಗೆಯ ಮನೆಗೆ ನಿಜವಾದ ಸಗಣಿಯೇ ಬೇಕೆಂದು ದೇಸಾಯರು ಹಟ ಹಿಡಿದರು. ಚಿಕ್ಕತಾಯಮ್ಮನವರು ಬುಟ್ಟಿ ತುಂಬ ಕೊಟ್ಟರು. “ನಮ್ ಗೌರಿ ಸಗಣಿ ನಾಟಕದಾಗೆ ಎಂಗೆ ಕಾಣ್ತೈತೆ, ನಾನೂ ನೋಡ್ಬೇಕು. ಮುಂದ್ಗಡೆ ಕುರ್ಚಿ ಆಕ್ಸು” ಎಂದರು. ಮೊದಲೇ ನನ್ನ ಅಭ್ಯಾಸ ಕೇಳಿ, “ಇಂಗೇ ಅರಚ್ತಿದ್ರೆ ಬೇರೆ ಮನೆ ನೋಡ್ಕೊಳ್ಳವ್ವ” ಎಂದಿದ್ದವರು. ಈಗ ತಮ್ಮ ಮಾತನ್ನೇ ವೇದಿಕೆಯ ಮೇಲೆ ಕೇಳಿದರೆ ನಮ್ಮ ಪಾತ್ರೆಪಗಡ ಬೀದಿಗೆ ಬೀಳುವುದು ಖಂಡಿತ. ಪದ ಬದಲಿಸಿ ಎಂದು ದೇಸಾಯರಲ್ಲಿ ಗೋಗರೆದೆ. “ಕಲಾದೊಳಗ ರಾಜಿ ಇಲ್ಲ” ಎಂದರು. ಅವರಿಗೇನು, ಇದ್ದದ್ದು ಸ್ವಂತ ಮನೆ.

ಭಾನುವಾರ ಸಂಜೆ ಫ್ಯಾಕ್ಟರಿಯ ಸಭಾಂಗಣದಲ್ಲಿ ಪ್ರದರ್ಶನ. ಸಗಣಿಯ ವಾಸನೆಗೆ ಮುಂದಿನ ಸಾಲಿನಲ್ಲಿ ಉಳಿದವರು ಚಿಕ್ಕತಾಯಮ್ಮನವರೊಬ್ಬರೇ. “ಇರವ್ವಾ, ಆಲು ಉಕ್ತೈತೇ…” ಎಂದು ಗುಬ್ಬಿ ಎಳೆಯಿತು. ಕುಕ್ಕರು ಕೂಗಿತು. ಓರೆಗಣ್ಣಲ್ಲಿ ನೋಡಿದರೆ ಓನರಮ್ಮನ ಹುಬ್ಬು ಗಂಟಾಗಿತ್ತು. ದೇಸಾಯರ ಒಪೆರಾದಲ್ಲಿ ಬಾಗಿಲು ಕೊನೆಯವರೆಗೂ ತೆರೆಯುವುದಿಲ್ಲ, ಅದೇ ಹೊಸತನವಂತೆ. ತಟ್ಟಿ ತಟ್ಟಿ ನನ್ನ ಕೈ ಸೋತಿತು. ಬೀಗದ ಕೈಯ ಸಾಲು ಬಂದಾಗ ಚಿಕ್ಕತಾಯಮ್ಮನವರು ಎದ್ದು, ಸೆರಗು ಸಿಕ್ಕಿಸಿ, ವೇದಿಕೆ ಹತ್ತಿದರು. ನಮ್ಮ ಮನೆ ಹೋಯಿತು ಎಂದುಕೊಂಡೆ. ಅವರು ನನ್ನನ್ನು ದಾಟಿ ಹೋಗಿ ರಟ್ಟಿನ ಬಾಗಿಲನ್ನು ಕಿತ್ತೇಬಿಟ್ಟರು. “ಏನೇ ಗುಬ್ಬಿ, ಮಳೇಲಿ ಎಷ್ಟೊತ್ತೇ ನಿಲ್ಲಿಸ್ತೀಯ ಅವ್ಳ್ನ? ಬಾರವ್ವ ಒಳೀಕೆ” ಎಂದು ನನ್ನ ಕೈ ಹಿಡಿದೆಳೆದರು. ಜನ ಎದ್ದು ಚಪ್ಪಾಳೆ ಹೊಡೆದರು. ತಲೆಯ ಮೇಲೆ ಕೈಹೊತ್ತು ಕುಳಿತಿದ್ದ ದೇಸಾಯರು ಮರುದಿನದಿಂದ ಅದು ತಮ್ಮದೇ ಕಲ್ಪನೆ ಎಂದು ಹೇಳಿಕೊಂಡು ತಿರುಗಿದರು.

ಸದ್ಯ, ಓನರಮ್ಮನಿಗೆ ತಿಳಿಯಲಿಲ್ಲ ಎಂದು ಹಗುರಾಗಿ ಮನೆಗೆ ಬಂದೆ. ಅವರು ಮುಂಚೆಯೇ ಬಂದಿದ್ದರು, ಗೇಟಿಗೆ ಬೀಗ. ತಟ್ಟಿದೆ. ಮತ್ತೆ ತಟ್ಟಿದೆ. ಒಳಗಿನಿಂದ ಒಂದೇ ಸ್ವರದಲ್ಲಿ, ಕೊನೆಯ ಅಕ್ಷರವನ್ನು ಮೇಲಕ್ಕೆಳೆದ ಹಾಡು ಬಂತು: “ಇರವ್ವಾ, ಆಲು ಉಕ್ತೈತೇ…”

ಬೀಗ ತೆಗೆದ ಚಿಕ್ಕತಾಯಮ್ಮನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಮಾತು ನಂದು, ಸಗಣಿ ನಮ್ ಗೌರೀದು. ನಿಂದೇನವ್ವ ಅದ್ರಾಗೆ, ಬರೀ ಕಾ ಕಾ?” ಎಂದು ಸೊಂಟದ ಗೊಂಚಲಿನಿಂದ ಗೇಟಿನ ಇನ್ನೊಂದು ಬೀಗದ ಕೈ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಆ ಊರಿನಲ್ಲಿ ನನಗೂ ಒಂದು ಮನೆಯಿದೆ ಎಂದು ಮೊದಲ ಬಾರಿ ಅನ್ನಿಸಿದ್ದು ಆಗಲೇ.

ಅಯ್ಯೋ, ಹುಡುಗಿ ಇನ್ನೂ ಹೊರಗೇ ನಿಂತಿದ್ದಾಳೆ. ಎದ್ದು ಬಾಗಿಲು ತೆಗೆದೆ.

“ಹಾಲು ಉಕ್ಕಿತಾ ಆಂಟಿ?”

“ಒಲೇನೇ ಹಚ್ಚಿಲ್ಲ ಕಣಮ್ಮ. ಬಾ ಒಳಗೆ, ಕೀ ತಗೊಂಡು ಹೋಗು.”